ಕೋಳಿಯ ರೆಕ್ಕೆಯಡಿ ಹಿಡಿಸುವ ಮರಿಗಳ ಸಂಖ್ಯೆ ಕುರಿತು

ಮರಿ ಸಂಖ್ಯಾ ನಿರ್ಣಯ ಕೋಶ
(ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಿಗೆ)

ಸಂಖ್ಯೆ: ಮಸನಿ/ರೆಕ್ಕೆ/೧೩+೧/೨೦೨೫

ಸುತ್ತೋಲೆ

ವಿಷಯ: ಒಂದೇ ಸಲಕ್ಕೆ ಎಷ್ಟು ಕೋಳಿಮರಿಗಳನ್ನು ಸಾಕಬೇಕೆಂಬುದನ್ನು ನಿಗದಿಪಡಿಸುವ ಬಗ್ಗೆ.

ಉಲ್ಲೇಖ: ೧) ಯಲವಿಗಿಯ ಶ್ರೀಮತಿ ಸುಮಯ್ಯ ಅವರ ಅರ್ಜಿ.
೨) ಸದರಿ ಅರ್ಜಿಯ ಬಗ್ಗೆ ಅವರೇ ಖುದ್ದಾಗಿ ಬಂದು ಜೋರಾಗಿ ಹೇಳಿದ್ದು.
೩) ಈ ಕಾರ್ಯಾಲಯದ ಕಡತ (ಕೋಳಿ ಮೇಲೆ ಕುಳಿತಿದ್ದರಿಂದ ಸಂಖ್ಯೆ ಅಳಿಸಿಹೋಗಿದೆ).

ಉಲ್ಲೇಖ (೧)ರ ಅರ್ಜಿದಾರರ ಕೋಳಿಯು ಕಾವಿಗೆ ಕುಳಿತಿದ್ದು, ಅದರ ಅಡಿಯಲ್ಲಿಟ್ಟ ತತ್ತಿಗಳೆಲ್ಲ ಕೆಟ್ಟುಹೋಗಿದ್ದರಿಂದ, ಇಲಾಖೆಯ ಮರಿಗಳನ್ನು ಕೊಟ್ಟರೆ ಅದೇ ಕೋಳಿಯ ಕೆಳಗೆ ಬಿಟ್ಟು ಸಾಕುವುದಾಗಿ ಅವರು ಕೋರಿರುತ್ತಾರೆ. ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಇಂದಿಗೆ ಹದಿನೆಂಟು ದಿನಾ ಆತ್ರಿ ಸಾಹೇಬ್ರ, ಹ್ಯಾಟಿ (ಅಂದರೆ ಹೆಣ್ಣು ಕೋಳಿ) ಎದ್ದಿಲ್ಲ. ಇಪ್ಪತ್ತೊಂದರ ಒಳಗ ಮರಿ ಕೊಟ್ರ ತನ್ನವ ಅಂತ ರೆಕ್ಕ್ಯಾಗ ತಗೊಂತೈತಿ. ತಡಾ ಆತಂದ್ರ ಕಾವು ಇಳಿತೈತಿ, ಆಮ್ಯಾಲ ಕುಟುಕಿ ಓಡಸ್ತೈತಿ. ಎಷ್ಟು ಕೊಡ್ತೀರಿ, ಲಗೂನ ಹೇಳ್ರಿ."

ಎಷ್ಟು ಎಂಬುದಕ್ಕೆ ನಿಯಮ ಇಲ್ಲದ್ದರಿಂದ ನಿಯಮ ರಚಿಸಲು ಮೂರು ದಿನ ಮಾತ್ರ ಉಳಿದಿತ್ತು. ಈ ಕೋಶವು ಇಷ್ಟು ಅವಸರವನ್ನು ಹಿಂದೆಂದೂ ಕಂಡಿರುವುದಿಲ್ಲ. ಆದ್ದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಮರಿ ಎಂದರೆ ಚಿಂವ್ ಎನ್ನತಕ್ಕದ್ದು. ಚಿಂವ್ ಎನ್ನದ ಮರಿಯು ಕಚೇರಿಯ ವೇಳೆಯಲ್ಲಿ ಹಾಜರಾಗಿ, ಅಧಿಕಾರಿಗಳ ಸಮ್ಮುಖದಲ್ಲಿ ಒಮ್ಮೆಯಾದರೂ ಹಾಗೆ ಅನ್ನತಕ್ಕದ್ದು.

೨. ಎಣಿಕೆಯ ಸಮಯದಲ್ಲಿ ಮರಿಗಳು ನಿಂತಲ್ಲಿಯೇ ನಿಲ್ಲತಕ್ಕದ್ದು. ಹಿರೇಕೆರೂರಿನಲ್ಲಿ ಒಂಬತ್ತು ಮರಿಗಳು ಎಣಿಸುವವರ ಕಾಲ ಸಂದಿಯಲ್ಲಿ ಓಡಾಡಿ ನಲವತ್ತಾರು ಆಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೩. ಮರಿಯನ್ನು ಹದ್ದು ಒಯ್ದ ಪಕ್ಷದಲ್ಲಿ ಹದ್ದಿನಿಂದ ದ್ವಿಪ್ರತಿಯಲ್ಲಿ ಸ್ವೀಕೃತಿ ಪಡೆಯತಕ್ಕದ್ದು. ಹದ್ದು ಆತುರದಲ್ಲಿದ್ದರೆ ಒಂದು ಪ್ರತಿ ಸಾಕು.

೪. ಸಂಖ್ಯೆಯ ಬಗ್ಗೆ ನಾಲ್ಕೂ ತಾಲ್ಲೂಕುಗಳ ಅಭಿಪ್ರಾಯ ಕೇಳಲಾಯಿತು. ಹಾನಗಲ್ಲದವರು ಹತ್ತು ಎಂದರು. ಶಿಗ್ಗಾಂವದವರು ಹದಿನೈದು ಎಂದರು. ಹಿರೇಕೆರೂರಿನವರು ಹನ್ನೆರಡು ಎಂದು ಬರೆದು, ಹೊಡೆದುಹಾಕಿ, ಮತ್ತೆ ಹನ್ನೆರಡು ಎಂದೇ ಬರೆದರು. ಸವಣೂರಿನವರು "ಕೋಳಿಯನ್ನೇ ಕೇಳಬೇಕು" ಎಂಬ ಒಂದೇ ಸಾಲು ಬರೆದು ಕಳಿಸಿದ್ದು, ಇದು ಉಡಾಫೆ ಎಂದು ಪರಿಗಣಿಸಿ ಕೈಬಿಡಲಾಯಿತು. ಉಳಿದ ಮೂರರ ಸರಾಸರಿ ಹನ್ನೆರಡೂ ಮೂರನೇ ಒಂದು ಮರಿ. ಆ ಮೂರನೇ ಒಂದು ಮರಿಯನ್ನು ಯಾವ ತಾಲ್ಲೂಕು ಸಾಕಬೇಕು, ಮತ್ತು ಕೊಕ್ಕಿನ ಕಡೆಯದ್ದೋ ಬಾಲದ ಕಡೆಯದ್ದೋ ಎಂಬ ಬಗ್ಗೆ ಒಂದು ಪೂರ್ತಿ ದಿನ ಚರ್ಚೆ ನಡೆಯಿತು. ಮೂರರಲ್ಲಿ ಒಂದು ದಿನ ಹೀಗೆ ಹೋಯಿತು.

೫. "ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂಬ ಗಾದೆಯನ್ನು ಸದರಿ ಸಭೆಯಲ್ಲಿ ಆಡಲಾಗಿದ್ದು, ಮರುದಿನವೇ ಕೋಳಿಯು ಕಾರ್ಯಾಲಯಕ್ಕೆ ಬಂದಿದ್ದರಿಂದ ಇನ್ನು ಮುಂದೆ ಇಂಥ ಮಾತುಗಳನ್ನು ಹೊರಗೆ ಹೋಗಿ ಆಡತಕ್ಕದ್ದು.

೬. ಕೋಳಿಯು ಕಾರ್ಯಾಲಯಕ್ಕೆ ಬಂದ ಬಗೆ: ರೆಕ್ಕೆಯ ಅಳತೆ ತೆಗೆಯಲೆಂದು ಅದನ್ನು ಬುಟ್ಟಿಯಲ್ಲಿ ತರಿಸಲಾಯಿತು. ಮಾದರಿಗಾಗಿ ಹದಿನಾಲ್ಕು ಮರಿಗಳನ್ನೂ ರಟ್ಟಿನ ಡಬ್ಬಿಯಲ್ಲಿ ತರಿಸಲಾಯಿತು. ಟೇಪು ಹಿಡಿದ ಗುಮಾಸ್ತ ಶ್ರೀ ಗುದ್ಲೆಪ್ಪ ಅವರ ಹೆಬ್ಬೆರಳಿಗೆ ಕುಟುಕಿದ ಕೋಳಿಯು, ಹಾರಿ ಮೇಜನ್ನೇರಿ, ಇದೇ ವಿಷಯದ ಕಡತದ ಮೇಲೆ ಕಾವಿಗೆ ಕುಳಿತುಕೊಂಡಿತು. ಕಾವಿಗೆ ಕುಳಿತ ಕೋಳಿಯನ್ನು ಎಬ್ಬಿಸುವ ಅಧಿಕಾರವು ಈ ಕೋಶಕ್ಕೆ ಇರುವುದಿಲ್ಲ. ಶ್ರೀ ಗುದ್ಲೆಪ್ಪ ಅವರು "ಕಡತ ಬೇಕಾದ್ರ ನೀವ ಎಬ್ಬಸ್ರಿ ಸರ, ನನಗ ಬೆರಳು ಹತ್ತ ಅದಾವು" ಎಂದು ತಿಳಿಸಿ ರಜೆಯ ಮೇಲೆ ತೆರಳಿರುತ್ತಾರೆ. ಎರಡನೆಯ ದಿನವೂ ಹೀಗೆ ಹೋಯಿತು.

೭. ಕೆಳಗೆ ಸಹಿ ಮಾಡಿದ ಅಧಿಕಾರಿಯ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರೂ ಕೋಳಿಯನ್ನು ಇಷ್ಟು ಹತ್ತಿರದಿಂದ ನೋಡಿರುವುದಿಲ್ಲ. ವೇದ, ವ್ಯಾಕರಣ, ತರ್ಕ ಎಲ್ಲ ಬಲ್ಲ ಮನೆತನಕ್ಕೆ ಕೋಳಿ ಯಾವ ಹೊತ್ತಿಗೆ ಸಿಟ್ಟಾಗುತ್ತದೆಂದು ತಿಳಿಯದಿದ್ದುದಕ್ಕೆ ತಾಲ್ಲೂಕು ಸಿಬ್ಬಂದಿ ನಕ್ಕಿರುತ್ತಾರೆ. ನಕ್ಕವರ ಪಟ್ಟಿ ತಯಾರಾಗಿದೆ.

೮. ಇಪ್ಪತ್ತೊಂದನೆಯ ದಿನ, ಅಂದರೆ ನಿನ್ನೆ, ಮುಂಜಾನೆ ಹನ್ನೊಂದೂವರೆಗೆ ಶ್ರೀಮತಿ ಸುಮಯ್ಯ ಅವರು ಅನುಮತಿ ಪಡೆಯದೆ ಒಳಬಂದರು. ಕಿಟಕಿಗಳನ್ನು ಮುಚ್ಚಿದರು. ದೀಪ ಆರಿಸಿದರು. ಕತ್ತಲಾದರೆ ಕೋಳಿ ಎಣಿಸುವುದಿಲ್ಲವಂತೆ. ಡಬ್ಬಿಯಿಂದ ಒಂದೊಂದೇ ಮರಿಯನ್ನು ತೆಗೆದು, ಕೋಳಿಯ ಎದೆಯ ಕೆಳಗೆ ಮೆಲ್ಲಗೆ ಸರಿಸುತ್ತ ಹೋದರು. ಹದಿಮೂರು ಮರಿಗಳು ಒಳಗೆ ಹೋದವು. ಹದಿನಾಲ್ಕನೆಯದನ್ನು ಸರಿಸಿದಾಗ ಕೋಳಿಯು ರೆಕ್ಕೆ ಎತ್ತಿ ಅದನ್ನು ಹೊರಗೆ ತಳ್ಳಿತು. ಮತ್ತೆ ಸರಿಸಲಾಯಿತು. ಮತ್ತೆ ತಳ್ಳಿತು. "ಹದಿಮೂರಕ್ಕ ಮುಗೀತ್ರಿ ಸಾಹೇಬ್ರ. ಇದರ ಮ್ಯಾಲ ಆಕಿ ಒಲ್ಲೆ ಅಂತಾಳ" ಎಂದು ಅರ್ಜಿದಾರರು ತೀರ್ಪು ನೀಡಿ, ಕೋಳಿಯನ್ನೂ ಹದಿಮೂರನ್ನೂ ಬುಟ್ಟಿಗೆ ತುಂಬಿಕೊಂಡರು. ಸವಣೂರಿನವರ ಒಂದೇ ಸಾಲಿನ ಅಭಿಪ್ರಾಯವನ್ನು ಈ ಮೂಲಕ ತಲೆಬಾಗಿ ಅಂಗೀಕರಿಸಲಾಗಿದೆ.

೯. ಉಳಿದ ಮರಿಯನ್ನು ಅರ್ಜಿದಾರರು "ಒಂದ ದಿನಾ ಬೆಚ್ಚಗ ಇಟ್ಕೋರಿ, ನಾಳೆ ಬಂದು ಒಯ್ತೇನಿ" ಎಂದು ಕೆಳಗೆ ಸಹಿ ಮಾಡಿದ ಅಧಿಕಾರಿಯ ಅಂಗಿಯ ಕಿಸೆಯಲ್ಲಿ ಇರಿಸಿದರು. ಅದು ಅಲ್ಲಿಯೇ ನಿದ್ದೆ ಹೋಯಿತು. ಸದರಿ ಅಧಿಕಾರಿಯು ಅಂದಿನಿಂದ ಬಗ್ಗಿಲ್ಲ, ಸೀನಿಲ್ಲ, ಯಾರ ಮೇಲೂ ಕೂಗಾಡಿಲ್ಲ.

೧೦. ಇಂದು ಮುಂಜಾನೆ ಅರ್ಜಿದಾರರು ಮರಿಯನ್ನು ಒಯ್ಯಲು ಬಂದಿದ್ದು, ಅಧಿಕಾರಿಯು ಕಿಸೆಯ ಮೇಲೆ ಕೈ ಮುಚ್ಚಿಕೊಂಡಿದ್ದರಿಂದ ಹಸ್ತಾಂತರ ಸಾಧ್ಯವಾಗಿರುವುದಿಲ್ಲ. ಅರ್ಜಿದಾರರು ತುಸು ಹೊತ್ತು ನೋಡಿ, "ಇರ್ಲಿ ಬಿಡ್ರಿ, ನೀವೂ ಕಾವಿಗೆ ಕುಂತೀರಿ" ಎಂದು ತೆರಳಿರುತ್ತಾರೆ.

ಆದ್ದರಿಂದ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ ಸಲಕ್ಕೆ ಸಾಕಬೇಕಾದ ಮರಿಗಳ ಸಂಖ್ಯೆಯನ್ನು ಅಂತಿಮವಾಗಿ ಹೀಗೆ ನಿಗದಿಪಡಿಸಲಾಗಿದೆ: ಒಂದು ಕೋಳಿಗೆ ಹದಿಮೂರು, ಒಬ್ಬ ಅಧಿಕಾರಿಗೆ ಒಂದು.

ಸಹಿ/- (ಎಡಗೈಯಿಂದ, ಬಲಗೈ ಕಿಸೆಯ ಮೇಲಿದೆ)
ಪ್ರಾಣೇಶ
ಮರಿ ಸಂಖ್ಯಾ ನಿರ್ಣಯಾಧಿಕಾರಿ

ಪ್ರತಿಗಳು:
೧. ನಾಲ್ಕೂ ತಾಲ್ಲೂಕು ಕಚೇರಿಗಳಿಗೆ. ನಗದೆ ಓದತಕ್ಕದ್ದು.
೨. ಶ್ರೀಮತಿ ಸುಮಯ್ಯ, ಯಲವಿಗಿ. ಮರಿಗೆ ಏನು ತಿನ್ನಿಸಬೇಕೆಂದು ಮರುಟಪಾಲಿನಲ್ಲಿ ತಿಳಿಸಲು ವಿನಂತಿ.
೩. ಶ್ರೀ ಗುದ್ಲೆಪ್ಪ. ಕೋಳಿ ಹೋಗಿದೆ, ಕೆಲಸಕ್ಕೆ ಬರಬಹುದು.
೪. ಅಧಿಕಾರಿಯ ಮನೆಗೆ. ಮರಿಯನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲವೆಂಬ ಮುಚ್ಚಳಿಕೆಯೊಂದಿಗೆ.
೫. ಹದಿನಾಲ್ಕನೆಯ ಮರಿಗೆ. ಎದ್ದ ಮೇಲೆ.