ಐಬು ಹೇಳಿ ಮಾರುವ ಕಾರು

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಖರೀದಿ ಮಾಡುವವನು ನಾನು. ಚೀಲಕ್ಕೆ ಕೈಹಾಕಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮುರಿದು, ಮೂಸಿ, ಮುಖ ಸಿಂಡರಿಸುವುದು ನನ್ನ ಉದ್ಯೋಗ. ಕಾಯಿ ಎಷ್ಟು ಚೆನ್ನಾಗಿದೆಯೋ ಮುಖವನ್ನು ಅಷ್ಟು ಹೆಚ್ಚು ಸಿಂಡರಿಸಬೇಕು. ಮಾರುವವರು ಒಣಗಿದೆ ಎಂದರೆ ನಾನು ಹಸಿ ಎನ್ನುತ್ತೇನೆ. ಅವರು ಕೆಂಪು ಎಂದರೆ ನನಗೆ ಬಣ್ಣವೇ ಕಾಣುವುದಿಲ್ಲ. ವರ್ಷಗಟ್ಟಲೆ ಹೀಗೆ ಬದುಕಿದ ಮೇಲೆ ಎದುರಿನವರು ಏನೇ ಹೇಳಲಿ, ಬಾಯಿಂದ ಅದರ ವಿರುದ್ಧದ ಮಾತೇ ಬರುತ್ತದೆ. ಆದ್ದರಿಂದ ಯಾರೂ ಯಾವ ಕೆಟ್ಟ ಮಾಲನ್ನೂ ನನ್ನ ತಲೆಗೆ ಕಟ್ಟಲಾರರು ಎಂದು ಗಟ್ಟಿಯಾಗಿ ನಂಬಿದ್ದೆ.

ನನ್ನ ಹೆಂಡತಿ ಗಿರಿಜಾ ಮನೆಯಲ್ಲಿ ಖಾರದಪುಡಿ ಮಾಡಿ ಹಾವೇರಿ, ರಾಣೆಬೆನ್ನೂರಿನ ಅಂಗಡಿಗಳಿಗೆ ಕೊಡುತ್ತಾಳೆ. ಬಣ್ಣಕ್ಕೆ ನಮ್ಮ ಬ್ಯಾಡಗಿ, ಖಾರಕ್ಕೆ ಗುಂಟೂರು. ಪುಡಿಯ ಚೀಲಗಳನ್ನು ಬಸ್ಸಿನಲ್ಲಿ ಒಯ್ಯುತ್ತಿದ್ದಳು. ಇಡೀ ಬಸ್ಸು ಸೀನತೊಡಗಿ, ಕಂಡಕ್ಟರ್ ಕೈಮುಗಿದು ಇಳಿಸಿದ ಮೇಲೆ ಒಂದು ಹಳೆಯ ವ್ಯಾನು ಕೊಳ್ಳುವುದೆಂದು ಇಬ್ಬರೂ ನಿರ್ಧರಿಸಿದೆವು. ಕೂಡಿಟ್ಟಿದ್ದ ಹಣ ಒಂದೇ ವಾಹನಕ್ಕೆ ಸಾಕಾಗುವಷ್ಟಿತ್ತು. ವ್ಯಾನು ಬರದಿದ್ದರೆ ಅವಳ ವ್ಯಾಪಾರ ನಿಂತಂತೆಯೇ.

ಹಾಗೆ ಇಬ್ಬರೂ ವ್ಯಾನು ಹುಡುಕಿಕೊಂಡು ಹೋದಾಗ ರಾಣೆಬೆನ್ನೂರಿನ ಬೀಜದಂಗಡಿ ದಾವಲಸಾಬರ ಹಿತ್ತಲಿನಲ್ಲಿ ಆ ಕಾರನ್ನು ಕಂಡೆ. ಕೆಂಪು ಕಾರು. ಎರಡೇ ಬಾಗಿಲು. ರೇಸಿಗೆಂದೇ ಹುಟ್ಟಿದಂತೆ ನೆಲಕ್ಕೆ ಅಂಟಿಕೊಂಡು ನಿಂತಿತ್ತು. ಹೆದ್ದಾರಿಯಲ್ಲಿ ಒಮ್ಮೆಯಾದರೂ ಲಾರಿಗಳನ್ನೆಲ್ಲ ಹಿಂದೆ ಹಾಕಬೇಕೆಂಬ ಆಸೆ ನನ್ನೊಳಗೆ ಎಲ್ಲಿ ಮಲಗಿತ್ತೋ, ಎದ್ದು ಕೂತಿತು. ವ್ಯಾನಿನ ಮಾತು ಮರೆತೇಹೋಯಿತು.

ರೂಢಿಯಂತೆ ಮುಖ ಸಿಂಡರಿಸಿಕೊಂಡು ಸುತ್ತು ಹಾಕಿದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ದಾವಲಸಾಬರು ಶುರು ಮಾಡಿದರು.

"ಮದ್ಲ ಐಬು ಹೇಳಿಬಿಡತೇನ್ರಿ. ಕಿಟಕಿ ಗ್ಲಾಸು ಇಳಿಯಾಂಗಿಲ್ಲ."

"ಎಸಿ ಇರೂ ಕಾರಿಗೆ ಗ್ಲಾಸ್ ಯಾಕ ಇಳಿಸಬೇಕ್ರಿ?" ಅಂದುಬಿಟ್ಟೆ.

ಎಸಿಯ ಗಾಳಿ ಒಮ್ಮೆ ಶುರುವಾದರೆ ಕೀಲಿ ತೆಗೆದರೂ ಬಹಳ ಹೊತ್ತು ನಿಲ್ಲುವುದಿಲ್ಲ ಎಂದರು. ನಮ್ಮ ಕಡೆಯ ಬಿಸಿಲಿಗೆ ಅದು ವರದಾನ ಎಂದೆ. ಹೊಟ್ಟೆ ಕೆಳಗಿದೆ, ರಸ್ತೆಯ ಹಂಪುಗಳಿಗೆ ತಾಗುತ್ತದೆ ಎಂದರು. ಹಾಗಿದ್ದರೇ ರಸ್ತೆಯ ಮೇಲೆ ಹಿಡಿತ ಎಂದೆ. ಒಳಗಿನ ಹಿಡಿಕೆಗಳು ಎರಡೂ ಕಡೆ ಮುರಿದಿವೆ, ಬಾಗಿಲನ್ನು ಹೊರಗಿನಿಂದಲೇ ಯಾರಾದರೂ ತೆಗೆಯಬೇಕು ಎಂದರು.

"ಹಂಗಾರ ನೀವು ಹೆಂಗ ಇಳೀತೀರಿ?" ಎಂದು ಗಿರಿಜಾ ಕೇಳಿದಳು.

"ಹಾರ್ನ್ ಹೊಡೀತೇನಿ. ನಮ್ಮ ಮನಿಯಾಕಿ ಮುಮ್ತಾಜ್ ಬಂದು ತಗೀತಾಳ."

ಅಷ್ಟು ಮಾನಮರ್ಯಾದೆಯಿಂದ ಇಳಿಯುವ ಯೋಗ ಎಷ್ಟು ಮಂದಿಗಿದೆ ಎಂದು ನಾನು ವಾದಿಸಿದೆ. ಐಬನ್ನು ತಾವೇ ಹೇಳುವ ಮಾರಾಟಗಾರರನ್ನು ಹುಟ್ಟಿದಾಗಿನಿಂದ ಕಂಡವನಲ್ಲ ನಾನು. ಅವರು ತೆಗಳಿದಷ್ಟೂ ನನ್ನ ಬಾಯಿ ಕಾರನ್ನು ಹೊಗಳುತ್ತಿತ್ತು. ನನ್ನ ಇಡೀ ಅನುಭವ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಕುತೂಹಲ ಕೊರೆಯತೊಡಗಿತು: ಈ ಮನುಷ್ಯ ಯಾಕೆ ಎಲ್ಲ ಹೇಳುತ್ತಿದ್ದಾನೆ?

ಹಲಗೇರಿಯವರೆಗೆ ಓಡಿಸಿ ನೋಡಿ ಎಂದು ಕೀಲಿ ಕೊಟ್ಟರು. ಗಿರಿಜಾ ಪಕ್ಕದಲ್ಲಿ ಕೂತಳು. ಅಂಗಡಿಗೆ ಕೊಡಬೇಕಿದ್ದ ಖಾರದಪುಡಿಯ ದೊಡ್ಡ ಪೊಟ್ಟಣ ಅವಳ ತೊಡೆಯ ಮೇಲಿತ್ತು. "ವ್ಯಾನ್ ನೋಡಾಕ ಬಂದೇವಿ ಅನ್ನೂದು ನೆನಪೈತಿಲ್ಲೋ?" ಎಂದು ಕೇಳಿದಳು. ನಾನು ಉತ್ತರವಾಗಿ ಎಸಿ ಹಾಕಿದೆ.

ಕಾರು ಓಡಿತು ನೋಡಿ! ಹೊಲಗಳು, ಟ್ರ್ಯಾಕ್ಟರುಗಳು, ಕುರಿಗಳು ಎಲ್ಲ ಹಿಂದೆ ಸರಿದವು. ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು. ಆ ಸಾರ್ಥಕತೆ ಹಲಗೇರಿಯ ಹಂಪಿನವರೆಗೆ ಇತ್ತು.

ಹಂಪಿಗೆ ಹೊಟ್ಟೆ ತಾಗಿತು. ಕಾರು ಒಮ್ಮೆ ನರಳಿ ಅಲ್ಲೇ ಕೂತಿತು. ಗಿರಿಜಾಳ ತೊಡೆಯ ಮೇಲಿನ ಪೊಟ್ಟಣ ಹಾರಿ, ಎದುರಿನ ಡ್ಯಾಶ್‌ಬೋರ್ಡಿಗೆ ಬಡಿದು ಒಡೆಯಿತು. ಎಸಿಯ ಗಾಳಿ ಪುಡಿಯನ್ನು ಅತ್ಯಂತ ಶ್ರದ್ಧೆಯಿಂದ ಕಾರಿನ ಮೂಲೆಮೂಲೆಗೂ ಹಂಚಿತು. ಗಾಳಿ ನಿಲ್ಲಿಸಲು ಗುಂಡಿ ಒತ್ತಿದೆ, ನಿಲ್ಲಲಿಲ್ಲ. ಕೀಲಿ ಕಿತ್ತೆ, ಆಗಲೂ ನಿಲ್ಲಲಿಲ್ಲ. ಗ್ಲಾಸು ಇಳಿಯಲಿಲ್ಲ, ಬಾಗಿಲಿಗೆ ಹಿಡಿಕೆ ಇರಲಿಲ್ಲ. ದಾವಲಸಾಬರು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರು ಹೇಳಿಕೊಂಡು ತಿರುಗಿದವನು ನಾನು. ಗುಂಟೂರಿನ ಪಾಲು ಎಷ್ಟೆಂದು ಹೆಂಡತಿಯನ್ನು ಆವರೆಗೆ ಕೇಳಿರಲಿಲ್ಲ.

ಕಣ್ಣು ಮುಚ್ಚಿಕೊಂಡೇ ಹಾರ್ನ್ ಒತ್ತಿದೆ. ಹಲಗೇರಿಯ ಜನ ಬಹಳ ಸಭ್ಯರು. ಯಾರೋ ದೊಡ್ಡವರು ದಾರಿ ಬಿಡಿ ಎನ್ನುತ್ತಿದ್ದಾರೆಂದು ರಸ್ತೆಯ ಎರಡೂ ಬದಿಗೆ ಸರಿದು ನಿಂತರು. ನಾನು ಒತ್ತಿದಷ್ಟೂ ಅವರು ಇನ್ನಷ್ಟು ದೂರ ಸರಿದರು. ಗಿರಿಜಾ ಸೀನುತ್ತ ಗ್ಲಾಸಿಗೆ ಬಡಿದಳು. ಒಂದಿಬ್ಬರು ನಮಸ್ಕಾರವನ್ನೂ ಮಾಡಿದರು. ಕೊನೆಗೆ ಸೊಪ್ಪು ಮಾರುವ ಅಜ್ಜಿಯೊಬ್ಬಳು ಹತ್ತಿರ ಬಂದು ಬಾಗಿಲು ಎಳೆದಳು. ತಲೆಯಿಂದ ಕಾಲಿನವರೆಗೆ ಕೆಂಪಾಗಿ ಉರುಳಿದ ನಮ್ಮನ್ನು ನೋಡಿ ಬಹಳ ಸಹಜವಾಗಿ ಕೇಳಿದಳು: "ಇಬ್ಬರ ಒಳಗ ಕುಂತು ಹೋಳಿ ಆಡಾಕತ್ತಿದ್ರೇನ್ರಿ?"

ಟ್ರ್ಯಾಕ್ಟರಿಗೆ ಕಟ್ಟಿಸಿ ಕಾರನ್ನು ದಾವಲಸಾಬರ ಹಿತ್ತಲಿಗೆ ಮರಳಿಸಿದೆವು. ಆ ದಿನ ಮುಖ ತೊಳೆದುಕೊಂಡು ಗಿರಿಜಾ ಒಂದೇ ಮಾತಾಡಿದಳು, ಅದೂ ದಾವಲಸಾಬರ ಹತ್ತಿರ. ಅವರು ಬೀಜದ ಚೀಲ ಸಾಗಿಸುವ ಹಳೆಯ ವ್ಯಾನನ್ನು ತೋರಿಸಿ, ಅದನ್ನು ಕೊಡುತ್ತೀರಾ ಎಂದಳು. ಅವರಿಗೆ ದೊಡ್ಡ ಗಾಡಿ ಬೇಕಿತ್ತಂತೆ, ಒಪ್ಪಿದರು. ಅದರಲ್ಲಿ ಐಬಿಲ್ಲ ಎಂದರು. ಕೂಡಲೇ ನನ್ನ ಬಾಯಿ ತನ್ನಷ್ಟಕ್ಕೇ ಐಬು ಹುಡುಕಿತು, ಬೆಲೆ ಇಳಿಯಿತು. ಆ ಪ್ರಯಾಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಈಗ ವಾರಕ್ಕೊಮ್ಮೆ ಅದೇ ವ್ಯಾನಿನಲ್ಲಿ ಪುಡಿ ಹಂಚುವುದು ನನ್ನ ಪಾಲಿನ ಕೆಲಸ. ಲಾರಿಗಳೆಲ್ಲ ನನ್ನನ್ನು ಹಿಂದೆ ಹಾಕುತ್ತವೆ. ರಾಣೆಬೆನ್ನೂರಿಗೆ ಬಂದರೆ ಮಾತ್ರ ಕಾರು ನೋಡದೆ ಕಾಲು ಮುಂದೆ ಹೋಗುವುದಿಲ್ಲ. ಹೋದ ವಾರ ಹೋದಾಗ ಹಾವೇರಿಯ ಹತ್ತಿ ವ್ಯಾಪಾರಿಯೊಬ್ಬ ಕಾರು ನೋಡಲು ಬಂದಿದ್ದ. ದಾವಲಸಾಬರು ಐಬುಗಳನ್ನು ಹೇಳುತ್ತಾ ಹೋದರು. ಅವನು ಪ್ರತಿಯೊಂದಕ್ಕೂ "ಅದರಾಗೇನೈತ್ರಿ" ಎನ್ನುತ್ತಿದ್ದ. ಆ ದನಿ ನನ್ನದೇ. ಕಾರು ಹೋಯಿತು ಅಂದುಕೊಂಡೆ.

"ಎಸಿ ಒಂದ್ಸಲ ಹಾಕಿ ನೋಡ್ರಿ," ಎಂದೆ.

ಹಾಕಿದ. ಗಾಳಿಯ ಕೊಳವೆಯಲ್ಲಿ ಗಿರಿಜಾಳ ಪುಡಿ ಇನ್ನೂ ಉಳಿದಿತ್ತು. ಅವನು ಸೀನುತ್ತಾ ಗೇಟು ದಾಟಿದ.

ದಾವಲಸಾಬರು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಚಹಾ ತರಿಸಿದರು. "ಮುಮ್ತಾಜ್ ಮಾರ್ರಿ ಅಂತಾಳ, ನಾ ಮಾರಾಕತ್ತೇನಿ," ಎಂದರು. "ಖರೇ ಹೇಳಿ ಮಾರಿದ್ರ ಯಾರೂ ತಗೊಳ್ಳಾಂಗಿಲ್ಲ ಅಂತ ಗೊತ್ತಿತ್ರಿ. ನಿಮ್ಮನ್ನ ನೋಡಿ ಕಾರು ಹೋತು ಅಂತ ಹೆದರಿದ್ದೆ."

ನನ್ನ ಕುತೂಹಲ ತಣಿಯಿತು. ಸಂತೋಷಕ್ಕೆ ಇಬ್ಬರೂ ಕಾರಿನೊಳಗೇ ಕೂತು ಚಹಾ ಕುಡಿಯೋಣ ಎಂದು ಬಾಗಿಲು ಎಳೆದುಕೊಂಡೆವು. ಗಾಳಿ ಇನ್ನೂ ನಿಂತಿರಲಿಲ್ಲ. ದಾವಲಸಾಬರು ಹಾರ್ನ್ ಒತ್ತಿದರು. ಮುಮ್ತಾಜ್ ಬಂದು ಗ್ಲಾಸಿನಾಚೆ ನಿಂತು, ಮಾರಾಟವಾಯಿತೇ ಎಂದು ಕೈಸನ್ನೆಯಲ್ಲೇ ಕೇಳಿದರು. ದಾವಲಸಾಬರು ಇಲ್ಲವೆಂದು ತಲೆಯಾಡಿಸಿ ನನ್ನತ್ತ ಬೆರಳು ತೋರಿಸಿದರು. ಆಕೆ ಬಾಗಿಲು ತೆಗೆಯದೆ ಮನೆಯೊಳಗೆ ಹೋದರು.

ಅಷ್ಟರಲ್ಲಿ ಗಿರಿಜಾಳ ಫೋನು. ಹಾವೇರಿಯ ಅಂಗಡಿಯವರು ಪುಡಿಗೆ ಕಾಯುತ್ತಿದ್ದಾರೆ, ಎಲ್ಲಿದ್ದೀರಿ ಎಂದಳು. ವ್ಯಾನಿನಲ್ಲಿದ್ದೇನೆ, ಇಗೋ ಹಾವೇರಿ ಬಂತು ಎಂದು ಹೇಳುವಷ್ಟರಲ್ಲಿ ದೊಡ್ಡದೊಂದು ಸೀನು ಬಂತು.

ಗಿರಿಜಾ ತಣ್ಣಗೆ ಕೇಳಿದಳು: "ಬಾಗಲಾ ಯಾರ ತಗೀತಾರಂತ?"