ಚಂದ್ರಿ ಎತ್ತ ನೋಡುತ್ತಾಳೆ

ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ಕುರುಗೋಡಿನ ನಮ್ಮ ಮನೆಯ ಪಕ್ಕದ ಕೊಟ್ಟಿಗೆ. ಹಾಜರಿದ್ದವರು ನಾನು, ಹೆಂಡತಿ ಶಾರದಾ, ಹಿಂದಿನ ಸಂಜೆ ಬಳ್ಳಾರಿ ಬಸ್ಸಿನಲ್ಲಿ ಬಂದಿದ್ದ ತಂಗಿಯ ಮಗಳು ಅನಿತಾ ಮತ್ತು ನಮ್ಮ ಎಮ್ಮೆ ಚಂದ್ರಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಹಾಜರಿ ತೆಗೆದುಕೊಳ್ಳದೆ ಏನನ್ನೂ ಶುರುಮಾಡಲು ಬರುವುದಿಲ್ಲ. ಅದು ಚಟವೆಂದು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಎರಡು ವಾರದಿಂದ ಚಂದ್ರಿ ಮೇವನ್ನು ಅರ್ಧಕ್ಕೇ ಬಿಡುತ್ತಿದ್ದಳು. ಎರಡು ಹೊತ್ತಿನ ಹಾಲು ಸೇರಿಸಿದರೂ ಮೊದಲಿನ ಒಂದು ಹೊತ್ತಿನಷ್ಟಾಗುತ್ತಿರಲಿಲ್ಲ. ಪಶುವೈದ್ಯರು ಬಂದು ಬಾಯಿ, ಹೊಟ್ಟೆ, ಗೊರಸು ಎಲ್ಲ ನೋಡಿ ರೋಗವಿಲ್ಲ ಎಂದರು. ರೋಗವಿಲ್ಲದೆ ಊಟ ಬಿಡುವುದಕ್ಕೆ ಶಾಲೆಯಲ್ಲಿ ನಾನು ಮೊಂಡುತನ ಎಂದು ಹೆಸರಿಟ್ಟಿದ್ದೆ. ತೆಕ್ಕಲಕೋಟೆಯಲ್ಲಿರುವ ಶಾರದಾಳ ತಮ್ಮ ಬಸಣ್ಣನಿಗೆ ಫೋನ್ ಮಾಡಿ, "ಸೋಮವಾರ ಟೆಂಪೊ ತಂದು ಈಕಿನ್ನ ನಿಮ್ಮ ಮನಿಗೆ ಒಯ್ಯಪ್ಪ" ಎಂದುಬಿಟ್ಟೆ. ಚಂದ್ರಿಯನ್ನು ಕರುವಿನಿಂದ ಸಾಕಿದವಳು ಶಾರದಾ. ಆ ಫೋನಿನ ದಿನದಿಂದ ಅವಳು ನನಗೆ ಚಹಾ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ.

ಅನಿತಾ ಪಶುವೈದ್ಯಕೀಯ ಓದುತ್ತಿದ್ದಾಳೆ. "ಮಾಮಾ, ಪ್ರಾಣಿ ಎತ್ತಾಗ ಎಷ್ಟೊತ್ತು ನೋಡತೈತಿ ಅನ್ನೋದರಾಗ ಅದರ ಮನಸು ಗೊತ್ತಾಗತೈತಿ. ಹೊಟ್ಟಿ ನೋಡಿದ್ದಾತು, ಇನ್ನ ಕಣ್ಣು ನೋಡೋಣು," ಎಂದಳು. ಅರ್ಧ ನಿಮಿಷಕ್ಕೊಮ್ಮೆ ಚಂದ್ರಿಯ ನೋಟ ಎಲ್ಲಿದೆ ಎಂದು ಬರೆದುಕೊಳ್ಳಬೇಕಂತೆ. ಇಂಥ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟುಕೊಡುವವನಲ್ಲ. ಅಳತೆಪಟ್ಟಿ ಹಿಡಿದು, ಕೆಂಪು ಶಾಯಿಯಲ್ಲಿ ಮೇವು, ನೀರು, ಮನುಷ್ಯರು, ಇತರೆ ಎಂದು ನಾಲ್ಕು ಕಾಲಂ ಎಳೆದೆ. ಅನಿತಾ ಸ್ಟೂಲಿನ ಮೇಲೆ ಮೊಬೈಲ್ ನಿಲ್ಲಿಸಿ ವಿಡಿಯೊ ಹಚ್ಚಿದಳು.

ಒಂದು ಗಂಟೆಯಲ್ಲಿ ಮೂರು ಕಾಲಂ ಹೆಚ್ಚುಕಡಿಮೆ ಖಾಲಿ, 'ಇತರೆ' ಭರ್ತಿ.

"ಇತರೆ ಅಂದ್ರ ಏನ್ ಮಾಮಾ?"

"ಸುಮ್ಮನ ಕುತ್ತಿಗಿ ತಿರುವಿ ಹಿಂದ ನೋಡತಾಳ."

"ಹಿಂದ ಏನೈತಿ?"

ಹಿಂದೆ ಓಣಿ ಇತ್ತು. ಓಣಿಯಲ್ಲಿ ನಳ, ನಳದ ಆಚೆ ಮಲ್ಲಮ್ಮನ ಮನೆ, ಮನೆಯ ಮುಂದೆ ಅವಳ ಎಮ್ಮೆ.

"ಮೊದಲಿಂದ ಈಕಿ ಮಾರಿ ಗ್ವಾಡಿ ಕಡೇನ ಇತ್ತೇನು?"

ನನಗೆ ಪೆನ್ನಿನ ಮುಚ್ಚಳ ಹುಡುಕುವ ತುರ್ತು ಬಂತು. ಶಾರದಾ ಬಾಯಿಬಿಟ್ಟಳು: "ಓಣಿ ಕಡೆ ಇತ್ತವ್ವ. ಎರಡು ವಾರದ ಹಿಂದ ನಿಮ್ಮ ಮಾಮಾ ಗೂಟ ಕಿತ್ತು ಗ್ವಾಡಿ ಕಡೆ ಮಾರಿ ಮಾಡಿ ಕಟ್ಯಾರ. ಓಣಿ ನೋಡಕೋತ ನಿಂತ್ರ ಮೇವಿನ ಮ್ಯಾಲ ಲಕ್ಷ್ಯ ಇರಂಗಿಲ್ಲಂತ."

ನಿಜ. ತರಗತಿಯಲ್ಲಿ ಕಿಟಕಿಯಾಚೆ ನೋಡುವವರನ್ನೆಲ್ಲ ನಾನು ಗೋಡೆಯ ಪಕ್ಕಕ್ಕೆ ಕೂರಿಸಿದ್ದೇನೆ. ಆಮೇಲೆ ಅವರು ಲೆಕ್ಕವನ್ನು ನೋಡಿದರೋ ಗೋಡೆಯನ್ನು ನೋಡಿದರೋ ಎಂದು ಯಾವ ಪಟ್ಟಿಯಲ್ಲೂ ಬರೆದಿಟ್ಟಿಲ್ಲ.

ಅನಿತಾ ವಿಡಿಯೊ ತೋರಿಸಿದಳು. ನಳದ ಹತ್ತಿರ ಕೊಡದ ಸದ್ದಾದಾಗಲೆಲ್ಲ ಓಣಿಯ ಕಡೆ ಎರಡು ಕುತ್ತಿಗೆಗಳು ಒಟ್ಟಿಗೆ ತಿರುಗುತ್ತಿದ್ದವು. ಒಂದು ಚಂದ್ರಿಯದು, ಇನ್ನೊಂದು ಪಟ್ಟಿ ಹಿಡಿದು ಕೂತವನದು. "ನೋಡಿದ್ರೇನು ಅತ್ತಿ, ಮಾಮಾಗೂ ಗೂಟ ಬದಲಿ ಮಾಡಬೇಕಾಗೇತಿ," ಎಂದಳು ಹುಡುಗಿ. ಶಾರದಾ ಸೆರಗು ಬಾಯಿಗಿಟ್ಟುಕೊಂಡಳು.

ಮೂವರೂ ಸೇರಿ ಗೂಟ ಕಿತ್ತು, ಮೇವಿನ ಗೋದಲಿ ಸರಿಸಿ, ಚಂದ್ರಿಯ ಮುಖವನ್ನು ಓಣಿಗೆ ತಿರುಗಿಸಿದೆವು. ಅವಳು ನಳದತ್ತ ನೋಡಿದಳು, ಮಲ್ಲಮ್ಮನ ಎಮ್ಮೆಯತ್ತ ನೋಡಿದಳು. ಆಮೇಲೆ ತಲೆ ತಗ್ಗಿಸಿ ಮೇವಿಗೆ ಬಾಯಿ ಹಾಕಿದಳು. ನಡುನಡುವೆ ಕತ್ತೆತ್ತಿ ಓಣಿ ನೋಡುತ್ತ, ಮಧ್ಯಾಹ್ನದೊಳಗೆ ಕಡ್ಡಿ ಉಳಿಯದಂತೆ ತಿಂದಳು. ಸಂಜೆ ಶಾರದಾ ಹಾಲಿನ ಚರಿಗೆಯನ್ನು ತಂದು ನನ್ನ ಮುಂದೆ ಇಟ್ಟಳು. ಎರಡು ವಾರ ಕಾಣದ ನೊರೆ ಅಂಚಿಗೆ ಬಂದಿತ್ತು.

ಉಳಿದದ್ದು ಒಂದೇ ಕೆಲಸ. ಬಸಣ್ಣನಿಗೆ ಫೋನ್ ಮಾಡಿ ಟೆಂಪೊ ಬೇಡವೆಂದೆ.

"ಯಾಕ ಭಾವಾ, ಆರಾಮಾತೇನು? ಏನ್ ಔಷಧಿ ಕೊಟ್ರಿ?"

ಯಾವುದಾದರೂ ಔಷಧಿಯ ಹೆಸರು ಹೇಳಿಬಿಡುವ ಆಸೆಯಾಯಿತು. ಶಾರದಾ ಬಾಗಿಲಲ್ಲಿ ನಿಂತು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಆ ನೋಟ ಅರ್ಥವಾಗಲು ಕಾಲಂ ಬೇಕಾಗಲಿಲ್ಲ.

"ಔಷಧಿ ಇಲ್ಲೋ ಬಸಣ್ಣ. ಎಮ್ಮಿದೇನೂ ತಪ್ಪಿರಲಿಲ್ಲ, ನಂದ ತಪ್ಪು."

"ಹಂಗಾರ ಟೆಂಪೊ ಹೇಳಿಬಿಟ್ಟೀನಿ ಭಾವಾ, ಖಾಲಿ ಯಾಕ ತರೂದು? ನೀವ ಬರ್ರಿ."

ಫೋನಿನ ದನಿ ಜೋರಾಗಿತ್ತು, ಬಾಗಿಲವರೆಗೂ ಕೇಳಿಸಿತು. "ನಾಕ ದಿನ ಇಟಗೊಂಡು ಕಳಸು ಅನ್ರಿ," ಎಂದು ಶಾರದಾ ಒಳಗೆ ಹೋದಳು. ಸಂಜೆ ಏಳು ಗಂಟೆ ಐದು ನಿಮಿಷಕ್ಕೆ ಫೋನ್ ಕೆಳಗಿಟ್ಟು, ಆ ದಿನದ ಕೆಲಸ ಮುಗಿಯಿತೆಂದು ಗುರುತು ಹಾಕಿದೆ.