ಚಪ್ಪಲಿ ಮೆಟ್ಟಿದ ಕ್ಯಾಪ್ಟನ್

"ಇವತ್ತಿನಿಂದ ನಾನು ಬರೀ ಚಿತ್ರ ಬರೆಯುವವನಲ್ಲ. ಸೃಷ್ಟಿಕರ್ತ!" ಎಂದು ಮೇಜು ಕುಟ್ಟಿ ಘೋಷಿಸಿದೆ.

ನನ್ನ ಹೆಂಡತಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಸೃಷ್ಟಿ ಆಮೇಲೆ ಮಾಡೋರಂತೆ. ಮೊದಲು ಊಟದ ಮೇಜಿನ ಮೇಲಿರೋ ಆ ಕಪ್ಪೆ ತೆಗೀರಿ."

ಕಪ್ಪೆ ಎಂದರೆ ಗಾಬರಿಯಾಗಬೇಡಿ, ಕಾಗದದ ಕಪ್ಪೆ. ನಾನು ಜೀವಮಾನವಿಡೀ ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆದವನು. ಕಪ್ಪೆಯ ಜೀರ್ಣಾಂಗ, ಹೂವಿನ ಸೀಳುನೋಟ, ಹಲ್ಲಿನ ಬೇರು. ನಿಮ್ಮ ಮನೆಯ ಮಕ್ಕಳು ಬಾಣದ ಗುರುತಿನ ಎದುರು ಭಾಗಗಳ ಹೆಸರು ಬರೆಯಲಾಗದೆ ಅತ್ತಿದ್ದರೆ, ಆ ಬಾಣ ಬಿಟ್ಟ ಅರ್ಜುನ ನಾನೇ! ಈ ಕಾರಣಕ್ಕೆ ನನ್ನ ಗೆಳೆಯ ನನಗೆ 'ಕಪ್ಪೆ' ಎಂದೇ ಹೆಸರಿಟ್ಟಿದ್ದ. ನಾನು ಅವನನ್ನು 'ಟೇಪು' ಎನ್ನುತ್ತಿದ್ದೆ. ಚಿಕ್ಕಂದಿನಲ್ಲಿ ಅವನು ಟೇಪ್ ರೆಕಾರ್ಡರ್ ಇಲ್ಲದೆ ಬಚ್ಚಲಿಗೂ ಹೋಗುತ್ತಿರಲಿಲ್ಲ.

ನಾವು ಹುಡುಗರಾಗಿದ್ದಾಗ ಅವನ ಮನೆಯ ಟಿ.ವಿ.ಯಲ್ಲಿ 'ಒಂಬತ್ತನೇ ನೌಕೆ' ಎಂಬ ಧಾರಾವಾಹಿ ಬರುತ್ತಿತ್ತು. ಬಾಹ್ಯಾಕಾಶ, ಗ್ರಹ, ಹಸಿರು ಮೈಯ ಜೀವಿಗಳು. ಹಸಿರು ಎಂಬುದು ನಮ್ಮ ಊಹೆ, ಟಿ.ವಿ. ಇದ್ದದ್ದು ಕಪ್ಪು ಬಿಳುಪು. ಕೊನೆಯ ಕಂತಿನಲ್ಲಿ ನೌಕೆ ಕೆಟ್ಟು ನಿಲ್ಲುತ್ತದೆ. ಕ್ಯಾಪ್ಟನ್ ಒಬ್ಬನೇ ಹೊರಗೆ ಹೋಗಿ ರಿಪೇರಿ ಮಾಡಬೇಕು. "ನಾನು ಬರುವವರೆಗೆ ದೀಪ ಆರಿಸಬೇಡಿ" ಎಂದು ಹೇಳಿ ಹೋಗುತ್ತಾನೆ.

ಅವನು ಬಂದನೇ? ಇದೇ ನಲವತ್ತು ವರ್ಷಗಳ ಮಹಾಯುದ್ಧ!

"ಬಂದ" ಎನ್ನುತ್ತಿದ್ದ ಟೇಪು. "ಬರಲಿಲ್ಲ. ಎರಡೂ ಕಡೆಯಿಂದ ಬಾಗಿಲು ಬಂದು ನಡುವೆ ಕೂಡಿಕೊಂಡಿತು, ಕತ್ತಲಾಯಿತು, ಮುಗಿಯಿತು. ಕಣ್ಣಾರೆ ಕಂಡಿದ್ದೇನೆ" ಎನ್ನುತ್ತಿದ್ದೆ ನಾನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಸಾಮಾನ್ಯವಾಗಿ ಊರಿಗೊಬ್ಬರು ಇರುತ್ತಾರೆ. ನಮ್ಮಲ್ಲಿ ಇಬ್ಬರೂ ಅಕ್ಕಪಕ್ಕದ ಬೀದಿಯಲ್ಲೇ ಇದ್ದೆವು. ಪ್ರತಿ ಭಾನುವಾರ ಈ ಜಗಳ ಆಡದೆ ನಮಗೆ ವಾರ ಮುಗಿಯುತ್ತಿರಲಿಲ್ಲ.

ಆ ಕಂತನ್ನು ಮತ್ತೆ ನೋಡಿ ತೀರ್ಮಾನಿಸೋಣವೆಂದರೆ ಕಂತೇ ಇಲ್ಲ. ಟಿ.ವಿ. ಕೇಂದ್ರದವರು ಅದೇ ಟೇಪಿನ ಮೇಲೆ 'ಹಲ್ಲುಜ್ಜುವ ಸರಿಯಾದ ವಿಧಾನ' ಎಂಬ ಕಾರ್ಯಕ್ರಮ ಮುದ್ರಿಸಿಬಿಟ್ಟಿದ್ದರು. ಜಗತ್ತಿನ ಒಂದು ಮಹಾಕೃತಿಯನ್ನು ಬ್ರಷ್ಷು ಉಜ್ಜಿ ಅಳಿಸಿತ್ತು! ಟಿ.ವಿ. ಮುಂದೆ ರೆಕಾರ್ಡರ್ ಇಟ್ಟು ಟೇಪು ಹಿಡಿದಿದ್ದ ಧ್ವನಿಯ ಕ್ಯಾಸೆಟ್ ಕೂಡ ಎಲ್ಲೋ ಕಳೆದಿತ್ತು.

ಈ ವರ್ಷದ ಮೊದಲಿನಲ್ಲಿ ಟೇಪು ಹೋದ.

ನಾನು ಅಳಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ವಾದದ ನಡುವೆ ಎದ್ದು ಹೋಗುವುದು ಯಾವ ಮರ್ಯಾದೆ? ಭಾನುವಾರ ಬಂದರೆ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗುತ್ತಿದ್ದೆ. ಎಲ್ಲಿಗೆ ಹೊರಟೆ ಎಂದು ಅಲ್ಲಿ ನೆನಪಾಗುತ್ತಿತ್ತು. ಮತ್ತೆ ಒಳಗೆ ಬರುತ್ತಿದ್ದೆ.

ಅಷ್ಟರಲ್ಲಿ ಅವನ ಅಕ್ಕನ ಫೋನು ಬಂತು. ಮದುವೆಯಾಗಿ ಬಹಳ ಹಿಂದೆಯೇ ದೂರದ ಊರು ಸೇರಿದವರು, ತಮ್ಮನ ಮನೆ ಖಾಲಿ ಮಾಡಲು ಬಂದಿದ್ದರು. "ಲೋ ಕಪ್ಪೆ, ಹಳೇ ಅಲಮಾರು ಸರಿಸಿದ್ರೆ ಡ್ರಾಯರ್ ಹಿಂದೆ ಒಂದು ಕ್ಯಾಸೆಟ್ ಸಿಕ್ತು. ಅದ್ರ ಮೇಲೆ 'ಮುಟ್ಟಿದರೆ ಸಾವು' ಅಂತ ಬರೆದಿದಾನೆ. ನಿನಗೇ ಇರ್ಬೇಕು, ತಗೊಂಡ್ಹೋಗು."

ಅದೇ ಕ್ಯಾಸೆಟ್ಟು! ಕಳೆದುಹೋದ ಕಂತಿನ ಪೂರ್ತಿ ಧ್ವನಿ!

ಹೀಗಾಗಿ ಸೃಷ್ಟಿಕರ್ತನ ಘೋಷಣೆ. ಧ್ವನಿಗೆ ತಕ್ಕ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆದು, ಓಡಿಸಿ, ಕಂತನ್ನು ಮತ್ತೆ ಎಬ್ಬಿಸಿ ಕೂರಿಸುವುದು. ಕೊನೆಯನ್ನು ಮಾತ್ರ ಸತ್ಯ ಹೇಗಿತ್ತೋ ಹಾಗೆಯೇ ಬರೆಯುವುದು. ಸತ್ತವನೆಂಬ ಕನಿಕರಕ್ಕೆ ಅವನನ್ನು ಗೆಲ್ಲಿಸಬಾರದು. ಬದುಕಿರುವವನು ನಾನೆಂಬ ಧೈರ್ಯಕ್ಕೆ ನಾನೂ ಗೆಲ್ಲಬಾರದು.

ಕೆಲಸ ಸಾಗಿತು. ಕಪ್ಪೆ ಬರೆದ ಕೈ, ಬೇಗ ಪಳಗಲಿಲ್ಲ. ನೌಕೆಯನ್ನು ಬರೆದರೆ ಅದು ತನ್ನಷ್ಟಕ್ಕೆ ಸೀಳುನೋಟವಾಗಿಬಿಡುತ್ತಿತ್ತು. ಅನ್ಯಗ್ರಹದ ರಾಜನಿಗೆ ಅಭ್ಯಾಸಬಲದಿಂದ ಪಿತ್ತಕೋಶ ಬರೆದು ಬಾಣವನ್ನೂ ಹಾಕಿದ್ದೆ.

"ಇವನಿಗೆ ಲಿವರ್ ಊದಿದೆ" ಎಂದಳು ಹೆಂಡತಿ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು.

"ಅವನು ಬೇರೆ ಗ್ರಹದವನು ಕಣೇ!"

"ಯಾವ ಗ್ರಹದವನಾದ್ರೂ ಎಣ್ಣೆ ಪದಾರ್ಥ ಬಿಡ್ಬೇಕು."

ಅಂತೂ ಕೊನೆಯ ದೃಶ್ಯಕ್ಕೆ ಬಂದೆ. ಇಲ್ಲಿ ನನ್ನ ತಲೆ ಮೊಸರು ಗಡಿಗೆಯಾಯಿತು. ಕ್ಯಾಸೆಟ್ಟಿನಲ್ಲಿ "ದೀಪ ಆರಿಸಬೇಡಿ" ಎಂಬ ಮಾತಾದ ಮೇಲೆ ಮಾತೇ ಇಲ್ಲ. ದುಃಖದ ಸಂಗೀತ. ನಂತರ ಹೆಜ್ಜೆ ಸದ್ದು. 'ಟಕ್' ಎಂದು ಏನೋ ಬಡಿದ ಸದ್ದು. ಆ ಕ್ಷಣವೇ ಸಂಗೀತ ಬಂದ್! ಬಳಿಕ 'ಗರ್ರ್' ಎಂದು ಬಾಗಿಲು ಜಾರಿದ ಸದ್ದು. ಮುಗಿಯಿತು. ಸಂಗೀತವನ್ನು ಹಾಗೆ ಥಟ್ಟನೆ ನಿಲ್ಲಿಸಿದ ನಿರ್ದೇಶಕನ ಪ್ರತಿಭೆಗೆ ಕೂತಲ್ಲೇ ಕೈಮುಗಿದೆ.

ಆದರೆ ಹೆಜ್ಜೆ ಹೋಗುತ್ತಿದೆಯೋ, ಬರುತ್ತಿದೆಯೋ? ಒಮ್ಮೆ ಕೇಳಿದರೆ ಹೋಗುತ್ತಿದೆ. ಇನ್ನೊಮ್ಮೆ ಕೇಳಿದರೆ ಬರುತ್ತಿದೆ. ಮೂರನೇ ಸಲ ನನ್ನ ಎದೆಬಡಿತವೇ ಕೇಳಿಸಿತು.

ಪ್ರಯೋಗವೊಂದೇ ದಾರಿ! ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಮೈಕ್ ಇಟ್ಟು, ಕಿವಿಗೆ ದಪ್ಪನೆಯ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತೆ. ಹೆಂಡತಿ ಬೇರೆ ಬೇರೆ ಪಾದರಕ್ಷೆ ತೊಟ್ಟು ಮೆಟ್ಟಿಲವರೆಗೆ ನಡೆಯಬೇಕು, ಬಾಗಿಲು ಹಾಕಬೇಕು, ತೆಗೆದು ಬರಬೇಕು.

"ನನ್ನ ಮಂಡಿ ನೋವಿಗೆ ಇದು ವ್ಯಾಯಾಮ ಅಂದ್ಕೊಂಡು ಮಾಡ್ತೀನಿ" ಎಂದು ಒಪ್ಪಿದಳು. "ಟೇಪಣ್ಣನಿಗೋಸ್ಕರ. ನಿಮಗಲ್ಲ."

ಹೆಡ್‌ಫೋನ್ ಹಾಕಿದವನಿಗೆ ತನ್ನ ದನಿ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುವುದಿಲ್ಲ. ಇದನ್ನು ನಾನು ಆಮೇಲೆ ಕಲಿತೆ. ಆಗ ನಾನು ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತಂತೆ: "ಹೋಗು! ಆಚೆ ಹೋಗು! ಬಾಗಿಲು ಜೋರಾಗಿ ಹಾಕು! ಯಾಕೆ ವಾಪಸ್ ಬಂದೆ? ಇನ್ನೂ ದೂರ ಹೋಗು! ಈ ಸಲ ಬರ್ಲೇಬೇಡ!"

ಎದುರು ಮನೆಯ ಹೊಲಿಗೆಯಾಕೆ ಬಾಗಿಲು ತೆರೆದು ನೋಡಿದರೆ, ನನ್ನ ಹೆಂಡತಿ ಮೆಟ್ಟಿಲ ಮೇಲೆ ಕಂಕುಳಲ್ಲಿ ಮೂರು ಜೊತೆ ಚಪ್ಪಲಿ ಅವುಚಿಕೊಂಡು ಏದುಸಿರು ಬಿಡುತ್ತ ನಿಂತಿದ್ದಾಳೆ.

"ಅಯ್ಯೋ ಅಕ್ಕಾ, ಏನಾಯ್ತು?"

"ಏನಿಲ್ಲ. ನಾನು ಹೋಗ್ತಿದೀನೋ ಬರ್ತಿದೀನೋ ಅಂತ ಅವರಿಗೆ ಗೊತ್ತಾಗ್ತಿಲ್ಲ" ಎಂದಳಂತೆ ಇವಳು.

ಹೊಲಿಗೆಯಾಕೆ ಒಳಗೆ ಹೋಗಿ ಕಣ್ಣೊರೆಸಿಕೊಂಡು ನನ್ನ ಭಾವಮೈದುನನಿಗೆ ಫೋನು ಮಾಡಿದರು. "ನಿಮ್ಮ ಅಕ್ಕನ್ನ ಮನೆಯಿಂದ ಆಚೆ ಹಾಕಿದಾರೆ ಕಣಪ್ಪ. ಚಪ್ಪಲಿ ಸಮೇತ!"

ನನ್ನ ಭಾವಮೈದುನನ ಉದ್ಯೋಗ ಮನೆ ಸಾಮಾನು ಸಾಗಿಸುವುದು. ಬೇರೆ ಯಾವ ಭಾವಮೈದುನನಾದರೂ ಬರಿಗೈಯಲ್ಲಿ ಬರುತ್ತಿದ್ದ. ಇವನು ಲಾರಿ, ರಟ್ಟಿನ ಪೆಟ್ಟಿಗೆ, ಹಗ್ಗ ಮತ್ತು ಇಬ್ಬರು ಹಮಾಲಿಗಳ ಸಮೇತ ಬಂದ. ನಾನು ಕಣ್ಣು ಮುಚ್ಚಿ ಕೂತಿದ್ದೇನೆ. ಅವರ ಮಾತೆಲ್ಲ ಆಚೆ ಮೆಟ್ಟಿಲ ಮೇಲೆಯೇ ನಡೆಯಿತಂತೆ.

"ಅಕ್ಕಾ, ಒಂದು ಮಾತೂ ಆಡ್ಬೇಡ. ನಿನ್ನ ಸಾಮಾನು ಯಾವ್ಯಾವುದು, ಅಷ್ಟು ಹೇಳು."

ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿಳಿದು ಅವಳಿಗೆ ತಲೆಬುಡ ತಿಳಿಯದಾಗಿತ್ತು. "ಎಲ್ಲಾ ನಂದೇ. ಅವರು ತಂದಿದ್ದು ಆ ಕುರ್ಚಿ ಒಂದೇ" ಎಂದಳು. ಸತ್ಯವನ್ನೇ ಹೇಳಿದಳು ಬಿಡಿ.

ಇತ್ತ ನನ್ನ ಕಿವಿಯಲ್ಲಿ ಪವಾಡ! ಹೆಜ್ಜೆಗಳ ಮಹಾಪೂರ! ಧಪಧಪ, ಸರಬರ, ದಡದಡ. 'ಇವಳು ಎಷ್ಟು ಶ್ರದ್ಧೆಯಿಂದ ನಡೆಯುತ್ತಿದ್ದಾಳೆ, ಪಾಪ' ಎಂದು ಕಣ್ಣು ತೇವವಾಯಿತು. ಆಗ ಬಂತು: ಚಟಕ್, ಪಟಕ್, ಚಟಕ್, ಪಟಕ್. ಅದೇ ಸದ್ದು! ಕ್ಯಾಸೆಟ್ಟಿನದೇ ಸದ್ದು! ದೂರದಿಂದ ಹತ್ತಿರಕ್ಕೆ, ಮೈಕಿನ ಕಡೆಗೆ ಬರುತ್ತಿರುವ ಸದ್ದು!

"ಅದೇ! ನಿಲ್ಲಬೇಡ!" ಎಂದು ಕಿರುಚಿ ಕಣ್ಣು ತೆರೆದೆ.

ಮನೆ ಖಾಲಿ. ಸೋಫಾ ಇಲ್ಲ, ಮೇಜಿಲ್ಲ, ಕಿಟಕಿಗೆ ಪರದೆಯಿಲ್ಲ. ನನ್ನ ಎದುರಿಗೆ ಹವಾಯಿ ಚಪ್ಪಲಿ ಮೆಟ್ಟಿದ ಹಮಾಲಿ, ಹೆಗಲ ಮೇಲೆ ಗೋಡೆ ಗಡಿಯಾರದ ಪೆಟ್ಟಿಗೆ ಹೊತ್ತು ಕಲ್ಲಾಗಿ ನಿಂತಿದ್ದಾನೆ.

"ಇಳಿಸ್ಬೇಡಪ್ಪ, ಹಾಗೇ ಇನ್ನೊಂದ್ಸಲ ನಡಿ! ಕೋಣೆ ಬಾಗಿಲಿಂದ ಇಲ್ಲಿಗೆ!"

"ಭಾವಾ," ಭಾವಮೈದುನ ಹಲ್ಲು ಕಡಿದ. "ಮನೆ ಮುಳುಗ್ತಾ ಇದೆ, ನಿಮಗೆ ನಗುವೇ?"

"ಬರ್ತಿದಾನೆ ಕಣೋ! ಹೋಗ್ತಿಲ್ಲ, ಬರ್ತಿದಾನೆ!"

"ಯಾರು?"

"ಕ್ಯಾಪ್ಟನ್!"

ಅವನು ಅಕ್ಕನ ಕಡೆ ತಿರುಗಿ, "ಯಾವಾಗಿಂದ ಹೀಗೆ?" ಎಂದು ಮೆತ್ತಗೆ ಕೇಳಿದ. "ಮದುವೆ ಆದಾಗಿಂದ" ಎಂದಳು ಇವಳು.

ವಿಷಯ ತಿಳಿದು, ಸಾಮಾನೆಲ್ಲ ಲಾರಿಯಿಂದ ಇಳಿದು, ಹೊಲಿಗೆಯಾಕೆ ನನ್ನನ್ನು ಕ್ಷಮಿಸುವ ಹೊತ್ತಿಗೆ ಸಂಜೆಯಾಯಿತು. ಆದರೆ ತೀರ್ಪು ಬಂದಿತ್ತು. ಹೆಜ್ಜೆ ಬರುತ್ತಿದೆ. ಕ್ಯಾಪ್ಟನ್ ಬಂದ. ಟೇಪು ಗೆದ್ದ. ಆ ದೃಶ್ಯ ಬರೆಯುವಾಗ ನಾನು ಸೋತವನ ಘನತೆಯಿಂದ ಬರೆದೆ. "ಗೆದ್ದೆ ಕಣೋ ಮಾರಾಯ" ಎಂದು ಒಮ್ಮೆ ಗಟ್ಟಿಯಾಗಿಯೇ ಹೇಳಿದೆ. ಅವನು ಇದ್ದಿದ್ದರೆ ಇಡೀ ಬೀದಿಗೆ ಡಂಗುರ ಹೊಡೆಯುತ್ತಿದ್ದ. ಗೆದ್ದವನೇ ಇಲ್ಲದ ಮೇಲೆ ಸೋಲೂ ಎಷ್ಟು ಸಪ್ಪೆ.

ಸಾಕ್ಷ್ಯಕ್ಕೆ ನಿಷ್ಠನಾಗಿ ಕ್ಯಾಪ್ಟನ್ನನ ಕಾಲಿಗೆ ಹವಾಯಿ ಚಪ್ಪಲಿಯನ್ನೇ ಬರೆದೆ.

"ಬಾಹ್ಯಾಕಾಶದಲ್ಲಿ ಹವಾಯಿ ಚಪ್ಪಲಿಯೇ?" ಎಂದಳು ಹೆಂಡತಿ.

"ಧ್ವನಿ ಸುಳ್ಳು ಹೇಳಲ್ಲ" ಎಂದೆ, ಗಂಭೀರವಾಗಿ.

ಇನ್ನೊಂದು ಭಾನುವಾರ ಮಧ್ಯಾಹ್ನ ನಮ್ಮ ಹಜಾರದಲ್ಲೇ ಪ್ರಥಮ ಪ್ರದರ್ಶನ. ನೋಡಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದೆಂದು ತಟ್ಟೆಗಳನ್ನೂ ಹಾಕಿತ್ತು. ಅಕ್ಕ ದೂರದ ಊರಿನಿಂದ ಬಂದರು. ಭಾವಮೈದುನ, ಹೊಲಿಗೆಯಾಕೆ, ಹೆಂಡತಿ ಸಾಲಾಗಿ ಕೂತರು. ಪಿತ್ತಕೋಶದ ರಾಜ ಬಂದಾಗ ಹೊಲಿಗೆಯಾಕೆ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಹೊರಗೆ ಹೋದಾಗ ಭಾವಮೈದುನ ಮೂಗು ಸೀಟಿಕೊಂಡ. ಕೊನೆಗೆ ಸಂಗೀತ, ಕತ್ತಲ ದಾರಿ, ಚಪ್ಪಲಿ ಮೆಟ್ಟಿದ ಕ್ಯಾಪ್ಟನ್ ಚಟಕ್ ಪಟಕ್ ಎಂದು ಬರುತ್ತಾನೆ. ಟಕ್. ಗರ್ರ್.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ತಮ್ಮನ ನೆನಪಾಯಿತೆಂದು ನಾನು ತಲೆ ತಗ್ಗಿಸಿದೆ. ಆಮೇಲೆ ಗೊತ್ತಾಯಿತು, ಅವರು ನಗುತ್ತಿದ್ದರು.

"ಲೋ ಕಪ್ಪೆ, ಅದು ನಾನು ಕಣೋ!"

"ಯಾವುದಕ್ಕಾ?"

"ಆ ಹೆಜ್ಜೆ! ಮನೆಯೊಳಗೂ ಹವಾಯಿ ಚಪ್ಪಲಿ ಹಾಕ್ತಿದ್ದೆನಲ್ಲ! ಕಂತು ಶುರುವಾಗೋ ಮೊದಲೇ ಊಟಕ್ಕೆ ಎಷ್ಟು ಕರೆದಿದ್ರೂ ನೀವಿಬ್ರೂ ಏಳ್ಲಿಲ್ಲ. ಒಳಗಿಂದ ಬಂದು 'ಟಕ್' ಅಂತ ಟಿ.ವಿ. ಆರಿಸಿದೆ. ನಮ್ಮ ಟಿ.ವಿ. ಪೆಟ್ಟಿಗೆಗೆ ಎರಡು ಕಡೆಯಿಂದ ಎಳೆಯೋ ಮರದ ಬಾಗಿಲಿತ್ತಲ್ಲ, 'ಗರ್ರ್' ಅಂತ ಎಳೆದು ಮುಚ್ಚಿದೆ!"

ನಾನು ಕುರ್ಚಿಯ ತುದಿಗೆ ಜರುಗಿದೆ.

"ಆದ್ರೆ ನಾನು ಕಣ್ಣಾರೆ ನೋಡಿದೀನಿ! ಎರಡೂ ಕಡೆಯಿಂದ ಬಾಗಿಲು ಬಂತು, ಕತ್ತಲಾಯ್ತು..."

"ಮುಚ್ಚಿದ್ದು ನಾನು. ಕತ್ತಲು ನಮ್ಮ ಟಿ.ವಿ.ದು. ಇಬ್ಬರ ಕಣ್ಣಲ್ಲೂ ನೀರು ತುಂಬಿತ್ತು, ಪಕ್ಕದಲ್ಲಿ ನಿಂತ ನಾನು ನಿಮಗೆಲ್ಲಿ ಕಾಣಿಸ್ಬೇಕು? ರೆಕಾರ್ಡರನ್ನೂ ಆರಿಸಿ 'ಮುಗೀತು, ಏಳಿ' ಅಂದೆ. ನಂಬಿದ್ರಿ."

ನಲವತ್ತು ವರ್ಷ ನಾನು ಪ್ರಾಣ ಪಣಕ್ಕಿಟ್ಟು ಕಾಪಾಡಿದ ಸತ್ಯ ಒಂದು ಮರದ ಬಾಗಿಲಾಗಿತ್ತು! ಆದರೂ ಯೋಧನಲ್ಲವೇ, ಕೊನೆಯ ಬಾಣ ಬಿಟ್ಟೆ. "ಹಾಗಾದ್ರೆ ಅವನು? ಕ್ಯಾಪ್ಟನ್ ಬಂದ ಅಂತ ಅವನು ಹೇಗೆ ಹೇಳ್ತಿದ್ದ?"

ಅಕ್ಕ ನಗು ನಿಲ್ಲಿಸಿದರು. "ನೀನು ಮನೆಗೆ ಹೋದ ಮೇಲೆ ತಟ್ಟೆ ಮುಂದೆ ಕೂತು ಅಳ್ತಾ ಇದ್ದ. ತುತ್ತು ಎತ್ತಲೊಲ್ಲ. 'ಅಕ್ಕಾ, ಕ್ಯಾಪ್ಟನ್ ಬಂದ್ನಾ?' ಅಂದ. ನಾನೇನು ನೋಡಿದ್ನಾ? 'ಬಂದ ಕಣೋ, ನೀನು ಊಟ ಮಾಡು' ಅಂದೆ. ಉಂಡು ಮಲಗಿದ."

ಹೊಲಿಗೆಯಾಕೆ, ಭಾವಮೈದುನ, ಹೆಂಡತಿ ಮೂವರೂ ನನ್ನನ್ನೇ ನೋಡುತ್ತಿದ್ದರು. ಪರದೆ ಕಪ್ಪಾಗಿತ್ತು. ಹೋದವನೂ ನೋಡಿರಲಿಲ್ಲ, ಉಳಿದವನೂ ನೋಡಿರಲಿಲ್ಲ. ಏನು ಗೆಲುವು, ಯಾರ ಸೋಲು, ನನಗೆ ಒಂದೂ ಅರ್ಥವಾಗಲಿಲ್ಲ. ಕೇಳಬಾರದೆಂದುಕೊಂಡರೂ ಬಾಯಿ ಕೇಳಿಬಿಟ್ಟಿತು.

"ಅಕ್ಕಾ... ಹಾಗಾದ್ರೆ ಕೊನೆಗೆ ಅವನು ಬಂದ್ನಾ, ಇಲ್ವಾ?"

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಎದ್ದು ಬಂದು ಹೆಗಲು ತಟ್ಟಿದರು.

"ಬಂದ ಕಣೋ. ನೀನು ಮೊದಲು ಊಟ ಮಾಡು."

ತಲೆ ನರೆತ ನಾನು, ಮೂರು ತಲೆಮಾರಿನ ಮಕ್ಕಳಿಗೆ ವಿಜ್ಞಾನ ಬರೆದುಕೊಟ್ಟ ನಾನು, ಎದ್ದು ಹೋಗಿ ಕೈ ತೊಳೆದು ತಟ್ಟೆ ಮುಂದೆ ಕೂತೆ.